ಹ್ಯಾಮರ್ ಕೈ ಕಚ್ಚುತ್ತಿದೆ: ಬಾಲ ಕತ್ತರಿಸಲೋ, ಹ್ಯಾಮರನ್ನೇ ಬದಲಿಸಲೋ?

ಬೆಳಗಿನಗುರಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು 1911 ಮಾದರಿಯ .45 ಪಿಸ್ತೂಲು. ಹಳೆ ಮಿಲಿಟರಿ ರೂಪದ್ದು. ಹಿಂದೆ ಗಿಡ್ಡ ಗ್ರಿಪ್ ಸೇಫ್ಟಿ (ಅಂಗೈ ಒತ್ತಿದರೆ ಮಾತ್ರ ಟ್ರಿಗರ್ ಬಿಡುವ ತಡೆ), ಮೇಲೆ ಉದ್ದ ಬಾಲದ ಹ್ಯಾಮರ್ (ಗುಂಡು ಸಿಡಿಸಲು ಬಡಿಯುವ ಭಾಗ). ಗುರಿ ಚೆನ್ನಾಗಿ ಕೂರುತ್ತದೆ, ಟ್ರಿಗರ್ ಹಗುರ, ನನಗೆ ತುಂಬಾ ಇಷ್ಟದ ಪಿಸ್ತೂಲು.

ತೊಂದರೆ ಏನಂದ್ರೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮವನ್ನು ಹ್ಯಾಮರ್ ಚಿವುಟುತ್ತಿದೆ. ಮೊದಲ ಮ್ಯಾಗಜಿನ್‌ನಲ್ಲಿ ಬರೀ ಉರಿ. ಎರಡನೆಯದರಲ್ಲಿ ಚರ್ಮ ಕೆಂಪಾಗುತ್ತದೆ. ಐವತ್ತು ಗುಂಡು ಮುಗಿಯುವ ಹೊತ್ತಿಗೆ ರಕ್ತ. ಈಗ ಅದಕ್ಕಿಂತ ಕೆಟ್ಟದ್ದು ಶುರುವಾಗಿದೆ. ನೋವು ಬರುತ್ತದೆ ಅಂತ ಕೈಗೆ ಮೊದಲೇ ಗೊತ್ತು, ಹಾಗಾಗಿ ಟ್ರಿಗರ್ ಎಳೆಯುವ ಮೊದಲೇ ಬಿಗಿಯಾಗುತ್ತದೆ. ಗುಂಡೆಲ್ಲ ಕೆಳಗೆ, ಎಡಕ್ಕೆ ಹೋಗುತ್ತಿವೆ.

ಹ್ಯಾಮರ್‌ನ ಬಾಲವನ್ನು ಸ್ವಲ್ಪ ಕತ್ತರಿಸಿಬಿಡೋಣ ಅಂತ ಅನ್ನಿಸುತ್ತಿದೆ. ಮನೆಯಲ್ಲಿ ಅರ ಇದೆ, ಸಾಣೆ ಚಕ್ರವೂ ಇದೆ. ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಅರಸಾಣೆ

ಸರ್, ಇವತ್ತು ಸಾಣೆ ಚಕ್ರ ಮುಟ್ಟಬೇಡಿ. ಮೊದಲು ಯಾವುದು ಕಚ್ಚುತ್ತಿದೆ ಅಂತ ಖಚಿತ ಮಾಡಿಕೊಳ್ಳಿ. ಗಾಯ ಹೇಗಿದೆ? ಚರ್ಮದ ಮೇಲೆ ಅಕ್ಕಪಕ್ಕದಲ್ಲಿ ಎರಡು ಉದ್ದ ಗೀರು ಬಿದ್ದಿದ್ದರೆ ಅದು ಸ್ಲೈಡ್ (ಗುಂಡು ಹಾರಿದಾಗ ಹಿಂದೆ ಮುಂದೆ ಜಾರುವ ಮೇಲಿನ ಭಾಗ) ಮಾಡಿದ ಗಾಯ. ಸ್ಲೈಡಿನ ಕೆಳಗಿನ ಎರಡು ಅಂಚು ಹಿಂದಕ್ಕೆ ಬರುವಾಗ ಕೈ ಮೇಲೆ ಗೀರಿಕೊಂಡು ಹೋಗುತ್ತವೆ. ಹ್ಯಾಮರ್ ಎಷ್ಟು ಕತ್ತರಿಸಿದರೂ ಅದು ನಿಲ್ಲುವುದಿಲ್ಲ. ಒಂದೇ ಜಾಗದಲ್ಲಿ ಚಿವುಟಿದ ಹಾಗೆ, ರಕ್ತ ಹೆಪ್ಪುಗಟ್ಟಿದ ಸಣ್ಣ ಬೊಬ್ಬೆ ಇದ್ದರೆ ಅದು ಹ್ಯಾಮರ್.

ಇನ್ನೊಂದು ಪರೀಕ್ಷೆ ಇದೆ. ಮ್ಯಾಗಜಿನ್ ತೆಗೆಯಿರಿ. ಚೇಂಬರ್ (ನಳಿಗೆಯ ಹಿಂದೆ ಗುಂಡು ಕೂರುವ ಜಾಗ) ಖಾಲಿ ಇದೆಯಾ ಅಂತ ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಆಮೇಲೆ ಹ್ಯಾಮರ್ ಬಾಲದ ತಳಕ್ಕೂ ತುದಿಗೂ ಮಾರ್ಕರ್ ಪೆನ್ನಿನ ಮಸಿ ಹಚ್ಚಿ. ಮಸಿ ಹಸಿ ಇರುವಾಗಲೇ ನೀವು ಗುಂಡು ಹಾರಿಸುವಾಗ ಹಿಡಿಯುವ ಹಾಗೇ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಸ್ಲೈಡನ್ನು ನಿಧಾನಕ್ಕೆ ಕೊನೆವರೆಗೂ ಎಳೆಯಿರಿ. ಮಸಿ ಕೈಮೇಲೆ ಎಲ್ಲಿ ಕೂರುತ್ತದೆ ನೋಡಿ.

ಸ್ಲೈಡ್ ಎಳೆಯದೆ ಸುಮ್ನೆ ಹ್ಯಾಮರ್ ಎತ್ತಿ ನೋಡಿದರೆ ಗೊತ್ತಾಗುವುದಿಲ್ಲ. ಹ್ಯಾಮರ್ ಎತ್ತಿ ನಿಂತಾಗ ಬಾಲಕ್ಕೂ ಕೈಗೂ ನಡುವೆ ಜಾಗ ಕಾಣುತ್ತದೆ, ಅದನ್ನು ನೋಡಿ ಜನ ಮೋಸ ಹೋಗುತ್ತಾರೆ. ಸ್ಲೈಡ್ ಹಿಂದಕ್ಕೆ ಬರುವಾಗ ಹ್ಯಾಮರನ್ನು ಅದು ನಿಲ್ಲಬೇಕಾದ ಜಾಗಕ್ಕಿಂತ ಇನ್ನೂ ಕೆಳಗೆ ಒತ್ತಿಕೊಂಡು ಹೋಗುತ್ತದೆ. ಸ್ಲೈಡ್ ಮುಂದೆ ಹೋದ ಮೇಲೆ ಹ್ಯಾಮರ್ ಸ್ವಲ್ಪ ಮೇಲೆ ಬಂದು ಸಿಯರ್ (ಎತ್ತಿದ ಹ್ಯಾಮರನ್ನು ಹಿಡಿದು ನಿಲ್ಲಿಸುವ ಸಣ್ಣ ಭಾಗ) ಮೇಲೆ ಕೂರುತ್ತದೆ. ಕಚ್ಚುವುದೆಲ್ಲ ಆ ಕೆಳಗಿಳಿದ ಕ್ಷಣದಲ್ಲೇ.

ಬೆಳಗಿನಗುರಿ

ಈಗ ಮಾಡಿ ನೋಡಿದೆ ಸರ್. ಗೀರು ಇಲ್ಲ. ಒಂದೇ ಬೊಬ್ಬೆ, ಅಂಗಿಯ ಗುಂಡಿಗಿಂತ ಚಿಕ್ಕದು. ಮಸಿ ಬಿದ್ದಿದ್ದೂ ಸರಿಯಾಗಿ ಅದರ ಮೇಲೇ. ನೀವು ಹೇಳಿದ್ದು ನಿಜ. ಸ್ಲೈಡ್ ಪೂರ್ತಿ ಹಿಂದೆ ಬಂದಾಗ ಬಾಲ ಗ್ರಿಪ್ ಸೇಫ್ಟಿಯ ತುದಿಗೆ ಹೆಚ್ಚುಕಡಿಮೆ ತಾಗಿಯೇ ಬಿಡುತ್ತದೆ. ನನ್ನ ಚರ್ಮ ಆ ತುದಿಯ ಮೇಲೆ ಉಬ್ಬಿ ನಿಂತಿರುತ್ತದೆ, ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಇಷ್ಟು ದಿನ ಬಾಲದ ತುದಿ ಚುಚ್ಚುತ್ತಿದೆ ಅಂದುಕೊಂಡಿದ್ದೆ. ಮಸಿ ಕೂತಿದ್ದು ತಳದಿಂದ.

ಹೊಸಕೈ

ಇದಕ್ಕೆ ಇಷ್ಟೆಲ್ಲ ಯಾಕೆ ಅಣ್ಣ? ಕೈಯನ್ನು ಒಂದು ಬೆರಳಷ್ಟು ಕೆಳಗೆ ಹಿಡಿದರೆ ಆಯ್ತಲ್ವಾ? ನಾನು ಹಾಗೇ ಹಿಡಿಯುತ್ತೇನೆ. ಒಂದು ಸಲವೂ ಕಚ್ಚಿಲ್ಲ.

ಎರಡುಕಣ್ಣು

ಹೊಸಕೈ ಅವರೇ, ನಾನೂ ಎರಡು ವರ್ಷ ಹಾಗೇ ಹಿಡಿದೆ. ಕಚ್ಚುವುದು ನಿಂತಿತು ನಿಜ. ಆದರೆ ಅದಕ್ಕೆ ಬೇರೆ ಬೆಲೆ ತೆರಬೇಕು. ನಳಿಗೆ ಕೈಯ ಮೇಲೆ ಇರುತ್ತದೆ, ಹಿನ್ನೊದೆತ ಆ ಸಾಲಿನಲ್ಲೇ ಬರುತ್ತದೆ. ಕೈ ಎಷ್ಟು ಕೆಳಗಿದ್ದರೆ ಪಿಸ್ತೂಲಿನ ಮೂತಿ ಅಷ್ಟು ಜಾಸ್ತಿ ಮೇಲೇಳುತ್ತದೆ. ಎರಡನೇ ಗುಂಡಿಗೆ ಗುರಿ ಮತ್ತೆ ಕೂರಿಸಲು ತಡವಾಗುತ್ತದೆ. ನಿಧಾನಕ್ಕೆ ಒಂದೊಂದೇ ಹೊಡೆಯುವವರಿಗೆ ಇದು ಗೊತ್ತಾಗುವುದಿಲ್ಲ. ಬೇಗ ಎರಡು ಹೊಡೆದು ನೋಡಿ, ತಕ್ಷಣ ಗೊತ್ತಾಗುತ್ತದೆ.

ನನ್ನ ಕೈ ಚಿಕ್ಕದು. ಕೆಳಗೆ ಹಿಡಿದಾಗ ಪಕ್ಕದ ತಡೆ, ಅಂದರೆ ಥಂಬ್ ಸೇಫ್ಟಿಯೂ ಹೆಬ್ಬೆರಳಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ಪಿಸ್ತೂಲನ್ನು ಎತ್ತರಕ್ಕೆ ಹಿಡಿಯುವುದೇ ಸರಿ. ನೋವಾಗುತ್ತದೆ ಅಂತ ಸರಿಯಾದ ಹಿಡಿತ ಬಿಡುವುದಕ್ಕಿಂತ, ನೋವು ಮಾಡುವ ಭಾಗವನ್ನು ಸರಿ ಮಾಡುವುದು ಒಳ್ಳೆಯದು. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ, ಆ ಎರಡು ವರ್ಷದಲ್ಲಿ ಕಲಿತ ಕೆಟ್ಟ ಅಭ್ಯಾಸ ಬಿಡಿಸಿಕೊಳ್ಳಲು ನನಗೆ ಇನ್ನೊಂದು ವರ್ಷ ಹಿಡಿಯಿತು.

ಹೊಸಕೈ

ಸರಿ ಅಕ್ಕ, ಅರ್ಥವಾಯಿತು. ಮೂತಿ ಮೇಲೇಳುವುದು ನನಗೂ ಇದೆ. ಅದು .45ರ ಗುಣ ಅಂದುಕೊಂಡಿದ್ದೆ.

ಹಳೇಪಾತಿ

ಈ ಕಾಯಿಲೆ ಹೊಸದೇನಲ್ಲ. ಜಾನ್ ಮೋಸೆಸ್ ಬ್ರೌನಿಂಗ್ ವಿನ್ಯಾಸ ಮಾಡಿದ ಪಿಸ್ತೂಲನ್ನು ಅಮೆರಿಕದ ಸೇನೆ 1911ರಲ್ಲಿ ತೆಗೆದುಕೊಂಡಿತು. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರ ದಶಕದಲ್ಲಿ ಅದನ್ನು ತಿದ್ದಿ 1911ಎ1 ಮಾಡಿದರು. ತಿದ್ದಿದ ಪಟ್ಟಿ ನೋಡಿದರೆ ಈ ಚರ್ಚೆಯೇ ಅಲ್ಲಿದೆ. ಗ್ರಿಪ್ ಸೇಫ್ಟಿಯ ಬಾಲ ಉದ್ದ ಮಾಡಿದರು. ಹ್ಯಾಮರ್ ಬಾಲ ಗಿಡ್ಡ ಮಾಡಿದರು. ಸೈನಿಕರ ಕೈ ಕಚ್ಚಬಾರದು ಅಂತಲೇ ಮಾಡಿದ ಬದಲಾವಣೆ ಅದು. ಸಾಕಷ್ಟು ಜನಕ್ಕೆ ಸರಿಹೋಯಿತು. ಕೈ ದಪ್ಪ ಇದ್ದವರಿಗೆ, ಎತ್ತರಕ್ಕೆ ಹಿಡಿಯುವವರಿಗೆ ಆಗಲೂ ಸಾಲಲಿಲ್ಲ.

ಬ್ರೌನಿಂಗ್ 1926ರಲ್ಲಿ ತೀರಿಕೊಂಡರು. ಅವರು ಶುರು ಮಾಡಿದ ಇನ್ನೊಂದು ಪಿಸ್ತೂಲನ್ನು ಬೆಲ್ಜಿಯಂನ ಎಫ್‌ಎನ್ ಕಂಪನಿಯಲ್ಲಿ ಡ್ಯೂಡೊನೆ ಸೇವ್ ಮುಗಿಸಿದರು. ಅದೇ 1935ರ ಹೈ-ಪವರ್. ಅದರಲ್ಲಿ ಗ್ರಿಪ್ ಸೇಫ್ಟಿಯೇ ಇಲ್ಲ. ಹಿಂದಿನ ತುದಿ ಗಿಡ್ಡ, ಅದೂ ಫ್ರೇಮಿನದೇ (ಹಿಡಿಕೆ ಇರುವ ಕೆಳಗಿನ ಚೌಕಟ್ಟಿನದೇ) ಭಾಗ. ಆದ್ದರಿಂದ ಆ ಪಿಸ್ತೂಲಿನವರಿಗೆ ದಾರಿ ಕಡಿಮೆ. ಒಂದೋ ಹ್ಯಾಮರ್ ಬದಲಿಸಬೇಕು, ಇಲ್ಲ ಫ್ರೇಮಿಗೆ ಲೋಹ ಬೆಸೆದು ತುದಿ ಉದ್ದ ಮಾಡಿಸಬೇಕು. ಎರಡನೆಯದು ಬಹಳ ನುರಿತ ಕೈಯ ಕೆಲಸ. ಅದಕ್ಕೇ ಹೈ-ಪವರ್‌ಗೆ ಅಂತಲೇ ಕಚ್ಚದ ಹ್ಯಾಮರ್‌ಗಳನ್ನು ಬೇರೆಯಾಗಿ ಮಾಡಿ ಮಾರುತ್ತಾರೆ.

1911 ಇರುವವರು ಈ ವಿಷಯದಲ್ಲಿ ಅದೃಷ್ಟವಂತರು. ಗ್ರಿಪ್ ಸೇಫ್ಟಿ ಬೇರೆ ಭಾಗ, ಹ್ಯಾಮರ್ ಬೇರೆ ಭಾಗ. ಎರಡನ್ನೂ ಬಿಚ್ಚಿ ಬೇರೆ ಹಾಕಬಹುದು.

ಹೊಸಕೈ

ಹಾಗಿದ್ರೆ ರಿವಾಲ್ವರ್‌ಗಳಲ್ಲೂ ಹ್ಯಾಮರ್ ಬಾಲ ಕತ್ತರಿಸಿರುತ್ತಾರಲ್ಲ, ಅದೂ ಕೈ ಕಚ್ಚುತ್ತದೆ ಅಂತಲಾ?

ಹಳೇಪಾತಿ

ಅಲ್ಲ, ಅದು ಬೇರೆ ಕಥೆ. ಅಲ್ಲಿ ಸ್ಲೈಡ್ ಇಲ್ಲ, ಹ್ಯಾಮರನ್ನು ಹಿಂದಕ್ಕೆ ತಳ್ಳುವುದು ನಿಮ್ಮ ಬೆರಳೇ. ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳಬಾರದು ಅಂತ ಬಾಲ ತೆಗೆಯುತ್ತಾರೆ. ಕೆಲಸ ಒಂದೇ ಥರ ಕಂಡರೂ ಕಾರಣ ಬೇರೆ.

ಮೂರುಮ್ಯಾಗಜಿನ್

ನಾನು ಸಾಣೆ ಚಕ್ರದಲ್ಲಿ ಕತ್ತರಿಸಿದವನು. ನನ್ನ ತಪ್ಪು ಇನ್ನೊಬ್ಬರು ಮಾಡಬಾರದು ಅಂತ ಬರೆಯುತ್ತಿದ್ದೇನೆ.

ಬಾಲದಲ್ಲಿ ಹೆಚ್ಚುಕಡಿಮೆ ಅರ್ಧ ತೆಗೆದೆ. ಹ್ಯಾಮರ್ ಬೆರಳಲ್ಲಿ ಹಿಡಿಯಲಾಗದಷ್ಟು ಬಿಸಿಯಾಯಿತು. ನಾನು ಇಕ್ಕಳದಲ್ಲಿ ಹಿಡಿದು ಕೆಲಸ ಮುಂದುವರಿಸಿದೆ. ಬಾಲದ ಅಂಚು ಮೊದಲು ಹುಲ್ಲಿನ ಹಳದಿಯಾಯಿತು, ಆಮೇಲೆ ಕಂದು, ಆಮೇಲೆ ನೀಲಿ. ಆ ಬಣ್ಣ ಏನು ಹೇಳುತ್ತಿದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಪಾಲಿಶ್ ಹೊಡೆದು, ಜೋಡಿಸಿ, ರೇಂಜಿಗೆ ಹೋದೆ. ಕೈ ಕಚ್ಚಲಿಲ್ಲ. ಬಹಳ ಖುಷಿಪಟ್ಟೆ.

ಕೆಲವು ವಾರ ಆದ ಮೇಲೆ ಒಂದು ದಿನ ಸ್ಲೈಡ್ ಮುಂದೆ ಬಿಟ್ಟಾಗ ಹ್ಯಾಮರ್ ತಾನಾಗೇ ಅರ್ಧಕ್ಕೆ ಬಿತ್ತು. ಟ್ರಿಗರ್ ಮೇಲೆ ನನ್ನ ಬೆರಳು ಇರಲಿಲ್ಲ. ಹ್ಯಾಮರನ್ನು ಅರ್ಧದಲ್ಲಿ ತಡೆಯಲು ಇರುವ ಅರ್ಧದ ಕಚ್ಚು ಹಿಡಿದುಕೊಂಡಿತು, ಗುಂಡು ಹಾರಲಿಲ್ಲ. ಬಿಚ್ಚಿ ಗನ್‌ಸ್ಮಿತ್ ಹತ್ತಿರ ತೋರಿಸಿದೆ. ಹ್ಯಾಮರ್ ಕೊಕ್ಕೆಗಳ ಅಂಚು ಸವೆದು ದುಂಡಗಾಗಿದ್ದವು. ಬಿಸಿಗೆ ಉಕ್ಕಿನ ಹದ ಹೋಗಿತ್ತು.

ಅವತ್ತು ನಳಿಗೆ ಗುರಿಯ ಕಡೆಗೇ ಇತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ತಣ್ಣಗಾಗುತ್ತದೆ.

ಅರಸಾಣೆ

ಮೂರುಮ್ಯಾಗಜಿನ್ ಅವರೇ, ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಇದನ್ನೇ ಹೇಳಬೇಕು ಅಂತಿದ್ದೆ, ನೀವು ಅನುಭವದಿಂದ ಹೇಳಿದಿರಿ.

ಹ್ಯಾಮರ್ ಅಂದರೆ ಬರೀ ಸುತ್ತಿಗೆ ಅಲ್ಲ. ಕೆಳಗಡೆ, ಪಿನ್ ಕೂರುವ ತೂತಿನ ಪಕ್ಕ, ಎರಡು ಸಣ್ಣ ಕೊಕ್ಕೆ ಇವೆ. ಸಿಯರ್ ಬಂದು ಹಿಡಿಯುವುದು ಅವನ್ನೇ. ಅವುಗಳ ಎತ್ತರ ಸುಮಾರು 0.020 ಇಂಚು, ಅಂದರೆ ಅರ್ಧ ಮಿಲಿಮೀಟರ್. ಎತ್ತಿದ ಹ್ಯಾಮರ್ ಪೂರ್ತಿ ನಿಂತಿರುವುದು ಆ ಅರ್ಧ ಮಿಲಿಮೀಟರ್ ಮೇಲೆ. ಬಾಲಕ್ಕೂ ಕೊಕ್ಕೆಗೂ ದೂರ ಹೆಚ್ಚೇನಿಲ್ಲ, ಬಿಸಿ ಬೇಗ ಹರಿಯುತ್ತದೆ. ಉಕ್ಕಿಗೆ ಬಣ್ಣ ಬಂತು ಅಂದರೆ ಅಲ್ಲಿಯ ಹದ ಆಗಲೇ ಇಳಿದಿದೆ ಅಂತ ಅರ್ಥ.

ಬೆಳಗಿನಗುರಿ ಸರ್, ನಿಮಗೆ ನನ್ನ ಸಲಹೆ ಇದು. ಪಿಸ್ತೂಲಿನ ಜೊತೆ ಬಂದ ಹ್ಯಾಮರನ್ನು ಕತ್ತರಿಸಬೇಡಿ. ಅದನ್ನು ಎಣ್ಣೆ ಹಚ್ಚಿ, ಕಾಗದದಲ್ಲಿ ಸುತ್ತಿ ಇಟ್ಟುಬಿಡಿ. ಪಿಸ್ತೂಲನ್ನು ಮತ್ತೆ ಹಳೆ ರೂಪಕ್ಕೆ ತರಬೇಕು ಅನ್ನಿಸಿದರೆ ಅದು ಬೇಕಾಗುತ್ತದೆ. ಕತ್ತರಿಸಿದ ಲೋಹ ಮತ್ತೆ ಅಂಟುವುದಿಲ್ಲ. ಬೇರೆ ಹ್ಯಾಮರ್ ಹಾಕಿಸಿ. ಉಂಗುರದ ಹಾಗೆ ದುಂಡಗೆ ಇರುವ ಕಮಾಂಡರ್ ಮಾದರಿ ಸಿಗುತ್ತದೆ, ಅದಕ್ಕೆ ಉದ್ದ ಬಾಲ ಇಲ್ಲ.

ಆದರೆ ಹ್ಯಾಮರ್ ಒಂದನ್ನೇ ಬದಲಿಸಿದರೆ ನಿಮ್ಮ ಕೈಗೆ ಸಾಲುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಮಸಿ ಬಿದ್ದ ಜಾಗ ಹೇಳಿದಿರಲ್ಲ, ಚರ್ಮ ಗ್ರಿಪ್ ಸೇಫ್ಟಿಯ ತುದಿ ದಾಟಿ ಮೇಲೆ ಉಬ್ಬುತ್ತಿದೆ. ಗಿಡ್ಡ ತುದಿಯ ಜೊತೆ ದುಂಡು ಹ್ಯಾಮರ್ ಹಾಕಿದರೂ ಕಚ್ಚಿಸಿಕೊಂಡವರನ್ನು ನಾನು ನೋಡಿದ್ದೇನೆ. ನಿಮಗೆ ಬೇಕಾಗಿರುವುದು ಬೀವರ್‌ಟೇಲ್. ಅಗಲವಾಗಿ, ಮೇಲಕ್ಕೆ ಬಾಗಿದ ಗ್ರಿಪ್ ಸೇಫ್ಟಿ ಅದು. ಕೈಯ ಮೇಲೆ ಚಪ್ಪರದ ಹಾಗೆ ನಿಲ್ಲುತ್ತದೆ. ಚರ್ಮ ಅದರ ಕೆಳಗೇ ಇರುತ್ತದೆ, ಹ್ಯಾಮರ್ ಬಂದು ಅದರ ಮೇಲಿನ ತೋಡಿನಲ್ಲಿ ಕೂರುತ್ತದೆ. ಉದ್ದ ಬಾಲದ ಹ್ಯಾಮರ್‌ಗೆ ಆ ತೋಡಿನಲ್ಲಿ ಜಾಗ ಸಾಲುವುದಿಲ್ಲ, ಅದಕ್ಕೇ ಬೀವರ್‌ಟೇಲ್ ಜೊತೆ ದುಂಡು ಹ್ಯಾಮರ್ ಹಾಕುವುದು. ಎರಡೂ ಜೋಡಿ.

ಬೀವರ್‌ಟೇಲ್‌ನಲ್ಲಿ ಎರಡು ಬಗೆ. ಕೆಲವು ಫ್ರೇಮ್ ಮುಟ್ಟದೆ ಹಾಗೇ ಕೂರುತ್ತವೆ. ಇನ್ನು ಕೆಲವಕ್ಕೆ ಫ್ರೇಮಿನ ಹಿಂದಿನ ಎರಡು ಕಿವಿಗಳನ್ನು ದುಂಡಗೆ ಅರ ಹಾಕಿ ಇಳಿಸಬೇಕು. ಸಾಮಾನ್ಯವಾಗಿ 0.250 ಇಂಚು ಅಥವಾ 0.220 ಇಂಚು ತ್ರಿಜ್ಯ. ಎರಡನೇ ಬಗೆಯಲ್ಲಿ ಕೈ ಇನ್ನೂ ಎತ್ತರಕ್ಕೆ ಹೋಗುತ್ತದೆ, ನೋಡಲೂ ಅಂದ. ಆದರೆ ಫ್ರೇಮ್ ಒಮ್ಮೆ ಕತ್ತರಿಸಿದರೆ ಮುಗೀತು. ನಾನಾಗಿದ್ದರೆ ಮೊದಲು ಮುಟ್ಟದ ಬಗೆ ಹಾಕಿ ಕೆಲವು ತಿಂಗಳು ನೋಡುತ್ತೇನೆ.

ಇನ್ನು ಹೊಸ ಹ್ಯಾಮರ್ ತಂದು ಸುಮ್ನೆ ಪಿನ್ ತೂರಿಸಿ ಜೋಡಿಸಬೇಡಿ. ಹ್ಯಾಮರ್ ಮತ್ತು ಸಿಯರ್ ಒಂದಕ್ಕೊಂದು ಹೊಂದಿಕೊಂಡಿರಬೇಕು. ಹೊಸ ಕೊಕ್ಕೆಗೆ ಹಳೆ ಸಿಯರ್ ಎರಡೂ ಕಡೆ ಸಮನಾಗಿ ಕೂರುತ್ತದಾ ಅಂತ ಗನ್‌ಸ್ಮಿತ್ ನೋಡಲೇಬೇಕು. ಗ್ರಿಪ್ ಸೇಫ್ಟಿಯ ಒಳಗಿನ ತೋಳು ಟ್ರಿಗರನ್ನು ಸರಿಯಾಗಿ ತಡೆಯುತ್ತದಾ ಅಂತಲೂ ನೋಡಬೇಕು. ಈ ಕೆಲಸಕ್ಕೆ ದುಡ್ಡು ಕೊಟ್ಟರೆ ನಷ್ಟವಿಲ್ಲ. ನಿಮ್ಮ ಕಡೆ ಇಂಥ ಬದಲಾವಣೆಗೆ ಪರವಾನಗಿಯ ನಿಯಮ ಏನಿದೆ ಅಂತಲೂ ಅವರನ್ನೇ ಮೊದಲು ಕೇಳಿ.

ಹೊಸಕೈ

ಸರ್, ಒಂದು ಸಂದೇಹ. ಬೇರೆ ಭಾಗ ಸಿಗದೇ ಇದ್ದವರು ಏನು ಮಾಡಬೇಕು? ಕತ್ತರಿಸಲೇಬೇಕಾದರೆ?

ಅರಸಾಣೆ

ಆಗಲೂ ಮೂಲ ಹ್ಯಾಮರ್ ಬೇಡ, ಇನ್ನೊಂದು ಅಂಥದ್ದೇ ಹ್ಯಾಮರ್ ಹುಡುಕಿ ಅದರ ಮೇಲೆ ಮಾಡಿಸಿ. ಕೈ ಅರದಿಂದಲೇ ಮಾಡಬೇಕು. ಎರಡು ಉಜ್ಜು, ನೀರಿನಲ್ಲಿ ಅದ್ದು, ಮತ್ತೆ ಎರಡು ಉಜ್ಜು. ಬರಿ ಬೆರಳಲ್ಲಿ ಹಿಡಿದು ಉಜ್ಜುವುದು ಒಳ್ಳೆಯದು, ಬೆರಳಿಗೆ ಬಿಸಿ ತಾಗಿದರೆ ನಿಲ್ಲಿಸಬೇಕು ಅಂತ ಲೆಕ್ಕ. ಹ್ಯಾಮರ್ ಗಟ್ಟಿ ಇದ್ದರೆ ಅರ ಜಾರುತ್ತದೆ, ಹಿಡಿಯುವುದೇ ಇಲ್ಲ. ಆಗ ಸಾಣೆ ಕಲ್ಲು.

ಎಲ್ಲಿ ತೆಗೆಯಬೇಕು ಅನ್ನುವುದನ್ನು ಮಸಿ ಹೇಳುತ್ತದೆ. ಬಹಳ ಜನ ತುದಿ ಕತ್ತರಿಸುತ್ತಾರೆ, ಕಚ್ಚುತ್ತಿರುವುದು ತಳ ಆಗಿರುತ್ತದೆ. ಅರ್ಧ ಅರ್ಧ ಮಿಲಿಮೀಟರ್ ತೆಗೆದು, ಜೋಡಿಸಿ, ಮತ್ತೆ ಮಸಿ ಹಚ್ಚಿ ನೋಡಬೇಕು. ಉಳಿದ ಅಂಚನ್ನೆಲ್ಲ ದುಂಡಗೆ ಮಾಡಬೇಕು, ಇಲ್ಲದಿದ್ದರೆ ಚಿವುಟುವ ಬದಲು ಕೊಯ್ಯುತ್ತದೆ. ಬಾಲದ ಮೇಲೆ ಬೆರಳು ಜಾರದಿರಲಿ ಅಂತ ಹಾಕಿರುವ ಗೀಟುಗಳ ಅಂಚು ತಳದವರೆಗೂ ಬಂದಿದ್ದರೆ ಅದನ್ನೂ ನಯ ಮಾಡಬೇಕು. ಬಣ್ಣ ಹೋದ ಜಾಗಕ್ಕೆ ಕೋಲ್ಡ್ ಬ್ಲೂ (ಉಕ್ಕಿಗೆ ಕಪ್ಪು ಬಣ್ಣ ಕೊಡುವ ದ್ರಾವಣ) ಹಚ್ಚಿ, ಎಣ್ಣೆ ಸವರಬೇಕು. ಇಲ್ಲದಿದ್ದರೆ ಬೇಗ ತುಕ್ಕು.

ಕೊಕ್ಕೆ, ಅರ್ಧದ ಕಚ್ಚು, ಪಿನ್ನಿನ ತೂತು, ಫೈರಿಂಗ್ ಪಿನ್ನಿಗೆ ಬಡಿಯುವ ಮುಖ. ಈ ನಾಲ್ಕರ ಹತ್ತಿರ ಅರ ಸುಳಿಯಲೂಬಾರದು.

ಎರಡುಕಣ್ಣು

ಹ್ಯಾಮರ್ ಹಗುರವಾದರೆ ಗುಂಡು ಸಿಡಿಯದೇ ಹೋಗುವುದಿಲ್ವಾ? ನಮ್ಮ ಜೊತೆ ಶೂಟ್ ಮಾಡುವವರು ಒಬ್ಬರು ಹಾಗಾಗುತ್ತದೆ ಅಂತ ಹೆದರಿಸಿದರು.

ಅರಸಾಣೆ

ಮೇಡಂ, ಸ್ವಲ್ಪ ಲೋಹ ಹೋದರೆ ಹಾಗಾಗುವುದಿಲ್ಲ. ಬಲ ಬರುವುದು ಹ್ಯಾಮರನ್ನು ತಳ್ಳುವ ಮೇನ್‌ಸ್ಪ್ರಿಂಗ್‌ನಿಂದ. ಹಗುರ ಹ್ಯಾಮರ್ ಅದೇ ಬಲಕ್ಕೆ ಇನ್ನೂ ವೇಗವಾಗಿ ಹೋಗಿ ಬಡಿಯುತ್ತದೆ. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಬೇಕಂತಲೇ ಹಗುರದ ಹ್ಯಾಮರ್ ಹಾಕುತ್ತಾರೆ, ಟ್ರಿಗರ್ ಎಳೆದ ಮೇಲೆ ಗುಂಡು ಹಾರುವ ತಡ ಕಡಿಮೆಯಾಗಲಿ ಅಂತ. ತೊಂದರೆ ಬರುವುದು ಹ್ಯಾಮರ್ ಹಗುರ ಮಾಡಿ, ಜೊತೆಗೆ ಮೇನ್‌ಸ್ಪ್ರಿಂಗನ್ನೂ ಮೆತ್ತಗೆ ಮಾಡಿದಾಗ. 1911ಗೆ ಸಾಮಾನ್ಯವಾಗಿ 23 ಪೌಂಡಿನ ಸ್ಪ್ರಿಂಗ್ ಇರುತ್ತದೆ. ಅದನ್ನು ಹಾಗೇ ಬಿಡಿ.

ಬಾಲ ಹೋದರೆ ಇನ್ನೊಂದು ವಿಷಯ ಬದಲಾಗುತ್ತದೆ. ಹೆಬ್ಬೆರಳಲ್ಲಿ ಹ್ಯಾಮರ್ ಹಿಡಿದು ಇಳಿಸುವುದು ಕಷ್ಟವಾಗುತ್ತದೆ, ಜಾರುತ್ತದೆ. ಚೇಂಬರಿನಲ್ಲಿ ಗುಂಡು ಇಟ್ಟುಕೊಂಡು ಹ್ಯಾಮರ್ ಇಳಿಸುವ ಅಭ್ಯಾಸ ಯಾರಿಗಾದರೂ ಇದ್ದರೆ ಅದನ್ನು ಮೊದಲು ಬಿಡಿ. ಬಾಲ ಇದ್ದರೂ ಅದು ಅಪಾಯವೇ.

ಪಟ್ಟಿಮದ್ದು

ನಾನು ನರ್ಸ್, ಶೂಟಿಂಗ್ ಕೂಡ ಮಾಡುತ್ತೇನೆ. ಪಿಸ್ತೂಲಿನ ಬಗ್ಗೆ ಎಲ್ಲರೂ ಹೇಳಿದಿರಿ, ಕೈ ಬಗ್ಗೆ ನಾನು ಹೇಳುತ್ತೇನೆ. ರೇಂಜಿನಲ್ಲಿ ಕೈ ಮೇಲೆ ಸೀಸದ ಪುಡಿ, ಮದ್ದಿನ ಮಸಿ ಇರುತ್ತದೆ. ಗಾಯ ಆದ ತಕ್ಷಣ ನಿಲ್ಲಿಸಿ, ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆಯಿರಿ. ರಕ್ತದ ಬೊಬ್ಬೆ ಚುಚ್ಚಬೇಡಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷ ಆಯ್ತು ಅಂತ ನೋಡಿಕೊಳ್ಳಿ. ಊತ ಏರುತ್ತಿದ್ದರೆ, ಕೀವು ಬಂದರೆ, ಹೆಬ್ಬೆರಳು ಮಡಚಲು ಆಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಅದೇ ಗಾಯದ ಮೇಲೆ ಮತ್ತೆ ಮತ್ತೆ ಕಚ್ಚಿಸಿಕೊಂಡು ಶೂಟ್ ಮಾಡುವುದು ದಯವಿಟ್ಟು ಬೇಡ.

ಪಿಸ್ತೂಲು ಸರಿಯಾಗುವವರೆಗೆ ಆ ಜಾಗಕ್ಕೆ ಬಟ್ಟೆಯ ಅಂಟುಪಟ್ಟಿ ಎರಡು ಸುತ್ತು ಹಾಕಿ. ದಪ್ಪ ಗ್ಲೌಸ್ ಬೇಡ. ಗ್ಲೌಸಿನ ಮಡಿಕೆಯೇ ಹ್ಯಾಮರಿಗೆ ಸಿಕ್ಕಿಕೊಳ್ಳುತ್ತದೆ.

ಬೆಳಗಿನಗುರಿ

ಎಲ್ಲರಿಗೂ ಧನ್ಯವಾದ. ನಿಮ್ಮ ಮಾತು ಕೇಳಿ ಸಾಣೆ ಚಕ್ರದ ಪ್ಲಗ್ ತೆಗೆದಿಟ್ಟೆ. ಗನ್‌ಸ್ಮಿತ್ ಜೊತೆ ಮಾತಾಡಿದೆ. ಫ್ರೇಮ್ ಮುಟ್ಟದ ಬೀವರ್‌ಟೇಲ್, ದುಂಡು ಹ್ಯಾಮರ್ ಎರಡೂ ಹಾಕುತ್ತಾರಂತೆ. ಸಿಯರ್ ನೋಡಿ ಬೇಕಾದರೆ ಅದನ್ನೂ ಬದಲಿಸುತ್ತಾರಂತೆ. ಪಿಸ್ತೂಲು ವಾಪಸ್ ಬಂದ ಮೇಲೆ ನಾನು ಏನೇನು ಪರೀಕ್ಷೆ ಮಾಡಬೇಕು?

ಅರಸಾಣೆ

ಅವರೂ ಮಾಡಿರುತ್ತಾರೆ, ನೀವೂ ಮಾಡಿ. ಎಲ್ಲವೂ ಖಾಲಿ ಪಿಸ್ತೂಲಿನಲ್ಲಿ.

ಹ್ಯಾಮರ್ ಎತ್ತಿ, ಥಂಬ್ ಸೇಫ್ಟಿ ಹಾಕಿ, ಟ್ರಿಗರ್ ಗಟ್ಟಿಯಾಗಿ ಎಳೆದು ಬಿಡಿ. ಹ್ಯಾಮರ್ ಅಲ್ಲಾಡಬಾರದು. ಸೇಫ್ಟಿ ತೆಗೆದಾಗಲೂ ಬೀಳಬಾರದು. ಈಗ ಕಿವಿ ಹತ್ತಿರ ಇಟ್ಟುಕೊಂಡು ಹ್ಯಾಮರನ್ನು ಹೆಬ್ಬೆರಳಲ್ಲಿ ಒಂದಿಷ್ಟು ಹಿಂದಕ್ಕೆ ಎಳೆಯಿರಿ. ಟಿಕ್ ಅಂತ ಸಣ್ಣ ಶಬ್ದ ಬಂದರೆ, ಸೇಫ್ಟಿ ಹಾಕಿದ್ದಾಗಲೇ ಸಿಯರ್ ಸ್ವಲ್ಪ ಜರುಗಿದೆ ಅಂತ ಅರ್ಥ. ವಾಪಸ್ ಕೊಡಿ.

ಆಮೇಲೆ ಗ್ರಿಪ್ ಸೇಫ್ಟಿ ಒತ್ತದೆ ಹಿಡಿದು ಟ್ರಿಗರ್ ಎಳೆಯಿರಿ, ಬೀಳಬಾರದು. ಸ್ಲೈಡನ್ನು ಕಾಲು ಇಂಚು ಹಿಂದಕ್ಕೆ ಹಿಡಿದು ಟ್ರಿಗರ್ ಎಳೆಯಿರಿ, ಆಗಲೂ ಬೀಳಬಾರದು. ಡಮ್ಮಿ ಗುಂಡು (ಮದ್ದಿಲ್ಲದ ನಕಲಿ ಗುಂಡು) ತುಂಬಿ ಸ್ಲೈಡ್ ಬಿಟ್ಟು ಹತ್ತು ಸಲ ನೋಡಿ, ಹ್ಯಾಮರ್ ಸ್ಲೈಡ್ ಹಿಂದೆಯೇ ಇಳಿಯಬಾರದು.

ರೇಂಜಿನಲ್ಲಿ ಮೊದಲು ಮ್ಯಾಗಜಿನ್‌ಗೆ ಒಂದೇ ಗುಂಡು ಹಾಕಿ. ಅದು ಸರಿ ಇದ್ದರೆ ಎರಡು. ಸಿಯರ್ ಸರಿ ಹಿಡಿಯದಿದ್ದರೆ ಎರಡನೆಯದು ತಾನಾಗೇ ಹಾರಬಹುದು. ಹಾಗಾಗುವುದೇ ಇದ್ದರೆ ಒಳಗೆ ಎರಡು ಮಾತ್ರ ಇರಲಿ, ಏಳು ಬೇಡ. ಎರಡೆರಡರಂತೆ ಹತ್ತು ಸಲ ಹೊಡೆದ ಮೇಲೆ ತುಂಬಿಸಿ.

ಬೆಳಗಿನಗುರಿ

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಗಾಯ ಪೂರ್ತಿ ವಾಸಿಯಾಗಲಿ ಅಂತ ಕಾದೆ. ಪರೀಕ್ಷೆ ಎಲ್ಲ ಮಾಡಿದೆ, ಟಿಕ್ ಶಬ್ದ ಬರಲಿಲ್ಲ. ಒಂದು, ಎರಡು, ಆಮೇಲೆ ತುಂಬಿದ ಮ್ಯಾಗಜಿನ್. ಒಟ್ಟು ನೂರು ಗುಂಡು ಹೊಡೆದೆ. ಕೈಮೇಲೆ ಒಂದು ಕೆಂಪು ಕಲೆಯೂ ಇಲ್ಲ. ಮಸಿ ಪರೀಕ್ಷೆಯಲ್ಲಿ ಮಸಿ ಈಗ ಬೀವರ್‌ಟೇಲ್‌ನ ತೋಡಿನಲ್ಲಿ ಕೂರುತ್ತದೆ.

ಒಂದು ಹೊಸ ತೊಂದರೆ ಬಂತು. ಕೈ ಎತ್ತರಕ್ಕೆ ಹೋದ ಮೇಲೆ ಅಂಗೈ ನಡುವೆ ಟೊಳ್ಳು ಬೀಳುತ್ತದೆ. ಮೂರು ಸಲ ಟ್ರಿಗರ್ ಕಲ್ಲಿನ ಹಾಗೆ ನಿಂತುಬಿಟ್ಟಿತು. ನೋಡಿದರೆ ಗ್ರಿಪ್ ಸೇಫ್ಟಿ ಪೂರ್ತಿ ಒತ್ತಿರಲಿಲ್ಲ.

ಗುಂಡು ಕೆಳಗೆ ಎಡಕ್ಕೆ ಹೋಗುವುದು ಇನ್ನೂ ಸ್ವಲ್ಪ ಇದೆ. ಕೈ ಇನ್ನೂ ಹೆದರುತ್ತಿದೆ ಅಂತ ಕಾಣುತ್ತದೆ.

ಎರಡುಕಣ್ಣು

ಸೇಫ್ಟಿ ಒತ್ತದೇ ಇರುವುದು ನನಗೂ ಆಗಿತ್ತು. ಕೆಳಭಾಗದಲ್ಲಿ ಉಬ್ಬು ಇರುವ ಗ್ರಿಪ್ ಸೇಫ್ಟಿ ಸಿಗುತ್ತದೆ, ಎತ್ತರದ ಹಿಡಿತಕ್ಕೆ ಅಂತಲೇ ಮಾಡಿದ್ದು. ಅಂಗೈ ಟೊಳ್ಳಿದ್ದರೂ ಆ ಉಬ್ಬು ಒತ್ತಿಕೊಳ್ಳುತ್ತದೆ. ನಿಮ್ಮ ಬೀವರ್‌ಟೇಲ್‌ಗೆ ಉಬ್ಬು ಇಲ್ಲದಿದ್ದರೆ ಬದಲಿಸಿಕೊಡಿ ಅಂತ ಕೇಳಿ. ಸೇಫ್ಟಿಯನ್ನು ಸದಾ ಒತ್ತಿರುವ ಹಾಗೆ ಕಟ್ಟಿಹಾಕುವ ಯೋಚನೆ ಮಾತ್ರ ಬೇಡ.

ಹೆದರಿಕೆಗೆ ಮ್ಯಾಗಜಿನ್‌ನಲ್ಲಿ ಡಮ್ಮಿ ಗುಂಡು ಬೆರೆಸಿ. ಯಾವಾಗ ಬರುತ್ತದೆ ಅಂತ ನಿಮಗೆ ಗೊತ್ತಾಗದ ಹಾಗೆ ಬೇರೆಯವರ ಕೈಯಲ್ಲಿ ತುಂಬಿಸಿ. ಡಮ್ಮಿ ಬಂದಾಗ ಮೂತಿ ಕೆಳಗೆ ಕುಕ್ಕಿದರೆ ನಿಮಗೇ ಕಾಣುತ್ತದೆ. ನನಗೆ ನಾಲ್ಕು ಭಾನುವಾರ ಹಿಡಿಯಿತು.

ಬೆಳಗಿನಗುರಿ

ಉಬ್ಬು ಇರುವುದನ್ನು ಹಾಕಿಸಿಕೊಂಡು ಬಂದೆ ಮೇಡಂ. ಪರೀಕ್ಷೆಗಳನ್ನೂ ಮೊದಲಿನಿಂದ ಮತ್ತೆ ಮಾಡಿದೆ. ಇವತ್ತು ಇಪ್ಪತ್ತೊಂದು ಗುಂಡು, ನಡುವೆ ಏಳು ಡಮ್ಮಿ. ಟ್ರಿಗರ್ ಒಂದು ಸಲವೂ ನಿಲ್ಲಲಿಲ್ಲ. ಡಮ್ಮಿ ಬಂದಾಗ ಐದು ಸಲ ಮೂತಿ ಕುಕ್ಕಿತು, ಎರಡು ಸಲ ಅಲ್ಲಾಡಲಿಲ್ಲ. ಮುಂದಿನ ಭಾನುವಾರ ಮತ್ತೆ ಹೋಗುತ್ತೇನೆ.